ತಿರುಗಣಿಯ ಊರು

ಹರಿಹರೇಶ್ವರನ ಗುಡಿಗೆ ಹೋದವರು ದೇವರಿಗೆ ಕೈಮುಗಿದು ಬರುತ್ತಾರೆ. ಮಂಟಪದ ಕಂಬಗಳನ್ನು ನಿಂತು ನೋಡುವವರು ಕಡಿಮೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಇದು. ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದ ಆ ಕಂಬಗಳ ಸುತ್ತುಗಳು ಕೈತುಂಬ ತೊಟ್ಟ ಬಳೆಗಳಂತೆ ಒಂದರ ಮೇಲೊಂದು ಕೂತಿವೆ. ಏಳುನೂರು ವರ್ಷಗಳ ಮೇಲೆ ಅದೇ ಊರು ಕಬ್ಬಿಣ ಕಡೆಯುವ ತಿರುಗಣಿಗೆ, ಅಂದರೆ ಲೇತಿಗೆ, ಹೆಸರಾಯಿತು.

ಲೇತಿನ ಮಾತು ನಮಗೇಕೆ ಎನ್ನಬೇಡಿ. ಸ್ಕೂಟರಿನ ಇಂಜಿನ್ನಿನಲ್ಲಿರುವ ಒಂದು ಬೋಲ್ಟನ್ನು ನೋಡಿ. ಆರು ಮೂಲೆಯ ತಲೆ, ಅದರ ಬುಡದಲ್ಲಿ ಲಂಗದ ನೆರಿಗೆಯಂತೆ ಹರಡಿದ ಅಂಚು. ಇದು ಫ್ಲೇಂಜ್ ಬೋಲ್ಟು. ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಅದು ಎಳೆಯುವ ಬಲವೇ ಎರಡು ಭಾಗಗಳನ್ನು ಹಿಡಿದಿಡುತ್ತದೆ. ಆ ಒತ್ತಡವನ್ನು ಅಗಲಕ್ಕೆ ಹಂಚುವುದು ಅಂಚಿನ ಕೆಲಸ. ಹಾಗಾಗಿ ಮೆತ್ತನೆಯ ಅಲ್ಯುಮಿನಿಯಂ ಮೇಲೂ ಗಾಯವಾಗುವುದಿಲ್ಲ, ಬೇರೆ ವಾಷರ್ ಹುಡುಕಬೇಕಿಲ್ಲ. ಕೆಲವದರ ಅಂಚಿನಡಿ ಸಣ್ಣ ಹಲ್ಲುಗಳಿದ್ದು, ಗಾಡಿ ಅದುರಿದರೂ ಸಡಿಲವಾಗದಂತೆ ಕಚ್ಚಿ ಹಿಡಿಯುತ್ತವೆ.

ಪೈಪಿನ ತುದಿಯ ಅಗಲ ಬಳೆಗೂ ಫ್ಲೇಂಜ್ ಎಂದೇ ಹೆಸರು. ಕಡರನಾಯಕನಹಳ್ಳಿ ಕಡೆಯ ಗದ್ದೆಯ ಪಂಪಿನಲ್ಲಾಗಲಿ, ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯಲ್ಲಾಗಲಿ, ಅಂಥ ಎರಡು ಬಳೆಗಳ ನಡುವೆ ಗ್ಯಾಸ್ಕೆಟ್ ಇಟ್ಟು ಬೋಲ್ಟು ಬಿಗಿಯುತ್ತಾರೆ. ಸಾಲಾಗಿ ಬಿಗಿಯುವಂತಿಲ್ಲ, ಒಂದಾದ ಮೇಲೆ ಅದರ ಎದುರಿನದು, ಸ್ವಲ್ಪ ಸ್ವಲ್ಪವಾಗಿ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುವಾಗ ಒಂದೇ ಬದಿಗೆ ಎಳೆದರೆ ಇನ್ನೊಂದು ಬದಿ ಬಾಯಿಬಿಡುತ್ತದಲ್ಲ, ಹಾಗೆ.

ಒಂದು ಬೋಲ್ಟು ಕಳೆದರೆ ಅಂಗಡಿಯಿಂದ ಅದೇ ಅಳತೆಯ ಇನ್ನೊಂದನ್ನು ತರುತ್ತೇವೆ. ಒಂದು ಕಾಲಕ್ಕೆ ಇದು ಆಗದ ಮಾತು. ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಹಿಡಿಯುತ್ತಿರಲಿಲ್ಲ. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ ಕರಾರುವಾಕ್ಕಾಗಿ ಥ್ರೆಡ್ ಕೊರೆಯುವ ಲೇತನ್ನು ರೂಪಿಸಿದ. ಅವನ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ಇಷ್ಟು ದಪ್ಪದ ಬೋಲ್ಟಿಗೆ ಅಂಗುಲಕ್ಕೆ ಇಷ್ಟೇ ಸುತ್ತು ಎಂಬ ನಿಯಮ ಮುಂದಿಟ್ಟ. ಇಂದು ಬೋಲ್ಟಿನ ಥ್ರೆಡ್ಡನ್ನು ಹೆಚ್ಚಾಗಿ ಅಚ್ಚುಗಳ ನಡುವೆ ಉರುಳಿಸಿ ಮೂಡಿಸುತ್ತಾರೆ. ಆದರೂ ಯಂತ್ರ ಮಾಡುವ ಯಂತ್ರಗಳಲ್ಲಿ ಲೇತು ತಾಯಿಯ ಸ್ಥಾನದಲ್ಲೇ ಇದೆ.

ಆ ನಿಯಮಕ್ಕೆ ಸರಿಯಾಗಿ ನೂರು ವರ್ಷವಾದಾಗ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿದವರು. 1930ರಲ್ಲಿ ‘ಸ್ತ್ರೀ’ ಎಂಬ ಮರಾಠಿ ಮಾಸಿಕವನ್ನು ತಂದದ್ದೂ ಇದೇ ಮನೆತನ. ಹರಿಹರದ ಲೇತುಗಳು ನಾಡಿನ ಎಷ್ಟೋ ವರ್ಕ್‌ಶಾಪುಗಳಿಗೆ ಹೋದವು.

2000ದ ಆಸುಪಾಸಿನಲ್ಲಿ ಕಾರ್ಖಾನೆ ನಿಂತಿತು. ಸಂಬಳ ನಿಂತ ಮನೆಯಲ್ಲಿ ಅಕ್ಕಿ-ಬೇಳೆ, ಮಕ್ಕಳ ಫೀಸು ಹೊಂದಿಸುವ ಪಾಡು ಯಾರದೆಂದು ಹೆಂಗಸರಿಗೆ ಹೇಳಬೇಕಿಲ್ಲ. ಇತಿಹಾಸ ಬರೆಯುವವರು ಕಾರ್ಖಾನೆ ತೆರೆದ ವರ್ಷ, ಮುಚ್ಚಿದ ವರ್ಷ ಬರೆದಿಡುತ್ತಾರೆ. ನಡುವೆ ಕಲಿತ ಕೈಗಳ ಲೆಕ್ಕ ಇಡುವವರಿಲ್ಲ. ಅಳತೆ ಗೊತ್ತಿದ್ದರೆ ಬೋಲ್ಟಿಗೆ ಬದಲಿ ಸಿಗುತ್ತದೆ. ಬೆರಳ ತುದಿಯಲ್ಲೇ ನಯ-ಒರಟು ಅಳೆಯಬಲ್ಲ ಕೆಲಸಗಾರ ಹಾಗೆ ಅಂಗಡಿಯಲ್ಲಿ ಸಿಗುವವನಲ್ಲ. ಅವನು ಇನ್ನೊಬ್ಬನಿಗೆ ಕಲಿಸಿದರೆ ಮಾತ್ರ ಆ ವಿದ್ಯೆ ಉಳಿದೀತು. ಹಳೆಯ ಕಿರ್ಲೋಸ್ಕರ್ ಲೇತುಗಳೇನೋ ಎಷ್ಟೋ ವರ್ಕ್‌ಶಾಪುಗಳಲ್ಲಿ ಇಂದಿಗೂ ತಿರುಗುತ್ತಿವೆ. ಅವುಗಳ ಮುಂದೆ ನಿಂತು ಕೆಲಸ ಕಲಿಯುವ ಹುಡುಗರು, ಈಗೀಗ ಐಟಿಐ ಓದಿದ ಹುಡುಗಿಯರೂ, ಹರಿಹರದ ವಿದ್ಯೆಯ ವಾರಸುದಾರರೇ.