ತಿರುಮಣಿಯ ಜಾವಾ: ಮೂಲ ರೂಪ ಅಂದರೆ ಯಾವುದು?

ನಮ್ಮ ಪಾವಗಡ ಸೀಮೆಯಲ್ಲಿ ಸ್ಪೋರ್ಟ್ಸ್ ಕಾರು ಕಂಡವರು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಅಪ್ಪಂದಿರು ಹುಡುಗರಾಗಿದ್ದಾಗ ತಿರುಗಿ ತಿರುಗಿ ನೋಡುತ್ತಿದ್ದದ್ದು ಜಾವಾ ಗಾಡಿಯನ್ನು. ಎರಡು ಸೈಲೆನ್ಸರಿನ ಆ ಸದ್ದು ಕೇಳಿದರೆ ಸಾಕು, ಯಾರ ಮನೆಗೆ ಯಾರು ಬಂದರೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು.

ಅಂಥದ್ದೊಂದು ಗಾಡಿ ತಿರುಮಣಿಯಲ್ಲಿ ನಮ್ಮ ಗುಂಪಿನ ಗೆಳೆಯನ ಮನೆಯ ಕೊಟ್ಟಿಗೆಯಲ್ಲಿತ್ತು. 1971ರ ಗಾಡಿ. ಅವನ ದೊಡ್ಡಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಅದನ್ನು ಕಾರ್ಖಾನೆಯಿಂದ ಹೊರಬಂದ ದಿನ ಇದ್ದ ಹಾಗೆಯೇ ಮಾಡಬೇಕೆಂದು ನಾವು ನಾಲ್ವರು ಹೊರಟೆವು. ಕೆಲಸ ಶುರುವಾದ ಮೇಲೆಯೇ ಗೊತ್ತಾದದ್ದು, ನಾವು ಗಾಡಿ ಬಿಚ್ಚುತ್ತಿಲ್ಲ, ಚರಿತ್ರೆ ಬಿಚ್ಚುತ್ತಿದ್ದೇವೆ ಎಂದು.

ಜಾವಾ ಹುಟ್ಟಿದ್ದು ಜೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. 1950ರ ದಶಕದಲ್ಲಿ ಮುಂಬೈಯ ಇರಾನಿ ಕುಟುಂಬ ಈ ಗಾಡಿಗಳನ್ನು ತರಿಸಿ ಮಾರುತ್ತಿತ್ತು. ಆಮದಿನ ಮೇಲೆ ಸರ್ಕಾರ ಬಿಗಿ ಹಿಡಿದಾಗ ಇಲ್ಲೇ ತಯಾರಿಸುವ ಯೋಚನೆ ಬಂತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1980ರ ದಶಕದ ನಡುವೆ ಹೀರೋ ಹೊಂಡಾದಂಥ ನೂರು ಸಿಸಿ ಗಾಡಿಗಳು ಕಡಿಮೆ ಪೆಟ್ರೋಲಿನಲ್ಲಿ ದುಪ್ಪಟ್ಟು ದೂರ ಓಡತೊಡಗಿದವು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಶೋರೂಮಿಗೆ ಬಂತು ನಿಜ. ಆದರೆ ಅದು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಗಾಡಿ. ಮೈಸೂರಿನ ಕಾರ್ಮಿಕರ ಕೈ ಏನು ಮಾಡಿತ್ತೆಂದು ತೋರಿಸಲು ಉಳಿದಿರುವುದು ಈ ಹಳೇ ಗಾಡಿಗಳೇ. ಅದಕ್ಕೇ ಒಂದು ಬೋಲ್ಟೂ ತಪ್ಪಬಾರದೆಂದು ಹಟ ಹಿಡಿದೆವು.

ಟ್ಯಾಂಕನ್ನು ನೀರು ಕಾಗದದಿಂದ ಉಜ್ಜಿದೆವು. ಮೇಲೆ ಕಪ್ಪು, ಅದರ ಕೆಳಗೆ ನೀಲಿ, ಕೊನೆಗೆ ಮರೂನ್. ಅದೇ ಕಾರ್ಖಾನೆಯ ಬಣ್ಣ. ಇಂಜಿನ್ 248.5 ಸಿಸಿಯ ಟೂ ಸ್ಟ್ರೋಕ್, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಜಾವಾದಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಸ್ಟಾರ್ಟ್ ಮಾಡಿದ ಮೇಲೆ ಅದೇ ಕಿಕ್ಕರನ್ನು ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತದೆ. ಹೊಸದಾಗಿ ಕಲಿಯುವವರ ಪಾದಕ್ಕೆ ಅದು ಎಷ್ಟು ಸಲ ಹೊಡೆದಿದೆಯೋ!

ಸಿಲಿಂಡರಿನ ಮೂಲ ಅಳತೆ 65 ಮಿ.ಮೀ. ನಮ್ಮ ಗಾಡಿಯ ಪಿಸ್ಟನ್ ತಲೆಯ ಮೇಲೆ ಕೊರೆದಿದ್ದದ್ದು 66. ಸಿಲಿಂಡರ್ ಸವೆದಾಗ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿಸುತ್ತಾರೆ. ಸಲಕ್ಕೆ ಕಾಲು ಮಿ.ಮೀ. ಅಂತಿಟ್ಟುಕೊಂಡರೆ ನಾಲ್ಕು ಸಲ ಆಗಿದೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದು ಕಡಿಮೆಯಾದರೆ ಪಿಸ್ಟನ್ ಜಾಮ್ ಆಗುವ ಗಾಡಿ ಇದು. ಆಯಿಲಿಗೆ ಕಾಸಿಲ್ಲದ ವರ್ಷಗಳ ಲೆಕ್ಕ ಆ ಒಂದು ಮಿಲಿಮೀಟರಿನಲ್ಲಿ ಇತ್ತು. ಬರ ಬಂದ ವರ್ಷಗಳನ್ನು ದೊಡ್ಡಪ್ಪ ಬೋರಿಂಗ್ ಮಾಡಿಸಿದ ಲೆಕ್ಕದಲ್ಲೇ ಹೇಳಿದರು.

ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಜಿಕೋವ್ ಕಾರ್ಬೊರೇಟರ್, ಟ್ಯಾಂಕಿನ ಪಕ್ಕದ ಮಂಡಿ ರಬ್ಬರು ಹೊಂದಿಸಿದೆವು. 12 ವೋಲ್ಟಿಗೆ ಬದಲಾಯಿಸಿದ್ದ ವೈರಿಂಗನ್ನು ಮತ್ತೆ 6 ವೋಲ್ಟಿಗೆ ತಂದೆವು. ಸೈಲೆನ್ಸರುಗಳನ್ನು ಬೆಂಕಿಗೆ ಹಾಕಿ ಕರಿ ಉದುರಿಸಿದೆವು.

ಎಲ್ಲ ಸರಿಹೋಗಿತ್ತು, ತಕರಾರು ಬಂದದ್ದು ಕ್ಯಾರಿಯರ್ ಹತ್ತಿರ. ಸೀಟಿನ ಹಿಂದೆ ಆ್ಯಂಗಲ್ ಕಬ್ಬಿಣದಲ್ಲಿ ಮಾಡಿಸಿದ ಅಗಲವಾದ ಕ್ಯಾರಿಯರ್. ಪಾವಗಡದಲ್ಲಿ ಚಾಸಿಗೇ ವೆಲ್ಡಿಂಗ್ ಮಾಡಿಸಿದ್ದು. ಎರಡು ಮೂಟೆ ಕಡ್ಲೆಕಾಯಿ ಹೇರಿಕೊಂಡು ಹೋಗಲಿಕ್ಕೆ. ನಾವು ಕಟಿಂಗ್ ಮಷಿನ್ ಹಿಡಿದಾಗ ದೊಡ್ಡಪ್ಪ ಕೇಳಿದರು: "ಅದನ್ನ ಕಿತ್ತಾಕಿದ್ರೆ ಗಾಡಿ ಬೋಳು ಬೋಳಾಗಿ ಕಾಣಲ್ವೇನ್ರಪ್ಪಾ?"

"ಕಂಪ್ನಿಯಿಂದ ಬಂದಾಗ ಅದು ಇರ್ಲಿಲ್ಲ ದೊಡ್ಡಪ್ಪ," ಅಂದೆವು.

"ಕಂಪ್ನಿಯಿಂದ ಬಂದಾಗ ನಾನೂ ಇರ್ಲಿಲ್ಲ," ಅಂದರು.

ಆ ಮೂಟೆಗಳು ಬರುತ್ತಿದ್ದ ಹೊಲ ಈಗ ಸೋಲಾರ್ ಪಾರ್ಕಿನೊಳಗಿದೆ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಶಕ್ತಿ ಸ್ಥಳ ನಿಂತಿದೆ. ಉದ್ಘಾಟನೆಯಾದದ್ದು 2018ರಲ್ಲಿ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ಮಳೆ ನಂಬಿ ಕೈ ಸುಟ್ಟುಕೊಂಡವರಿಗೆ ಅದು ದೊಡ್ಡ ಆಸರೆ. ಈ ಗಾಡಿಯ ಕ್ರೋಮ್ ಕೆಲಸಕ್ಕೆ ದುಡ್ಡು ಬಂದದ್ದೂ ಆ ಗುತ್ತಿಗೆಯಿಂದಲೇ. ಆದರೆ ಆ ಹೊಲದಲ್ಲಿ ಕಡ್ಲೆಕಾಯಿ ಬೆಳೆಯುತ್ತಿತ್ತು ಎನ್ನಲು ಆ ಮನೆಯಲ್ಲಿ ಉಳಿದ ಗುರುತು ಈ ಕ್ಯಾರಿಯರ್. ಅದನ್ನು ಕತ್ತರಿಸುವುದೇ ನಾವು?

ಕಾನೂನಿನ ಪ್ರಕಾರ ಕತ್ತರಿಸಲೇಬೇಕು ಅನ್ನಿಸಿತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರ. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ.

ಇದನ್ನು ಓದಿ ಹೇಳಿದಾಗ ದೊಡ್ಡಪ್ಪ ನಕ್ಕರು. ಸಂತೆಗೆ ಹೋಗದ ಗಾಡಿ ಯಾಕೆ ಬೇಕು ಎಂದರು. ಆರ್‌ಸಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಂಡೇ ಬಂದಿದ್ದರು, ಹಾಗೇ ಮುಂದುವರಿಯಲಿ ಎಂದರು. ಕ್ಯಾರಿಯರ್ ಮಾತ್ರ ನೀವು ಹೇಳಿದಂತೆ ಆಗಲಿ ಎಂದು ನಮಗೇ ಬಿಟ್ಟರು.

ಎರಡು ದಿನ ಜಗಳವಾಡಿದೆವು. ಕಾರ್ಖಾನೆ ಕೊಟ್ಟ ರೂಪ ಒಂದು ದಿನದ್ದು, ಊರು ಕೊಟ್ಟ ರೂಪ ಹಲವು ದಶಕಗಳದ್ದು. ಹೊಸ ಬಣ್ಣ ಹೊಡೆಯುವ ಆತುರದಲ್ಲಿ ಎರಡನೆಯದನ್ನು ತುಕ್ಕು ಅಂದುಕೊಂಡು ಉಜ್ಜಿ ಹಾಕುವುದು ಸುಲಭ. ಟ್ಯಾಂಕಿನ ಮೇಲಿದ್ದ ಆ ನೀಲಿಯನ್ನು ನಾವು ಫೋಟೊ ಕೂಡ ತೆಗೆಯದೆ ಉಜ್ಜಿದ್ದೆವು. ಅದು ಯಾರು ಹೊಡೆಸಿದ ಬಣ್ಣ, ಯಾವ ಮದುವೆಗೆ ಹೊಡೆಸಿದ್ದು, ಇನ್ನು ಗೊತ್ತಾಗುವುದಿಲ್ಲ. ಹಳೇ ಗಾಡಿಗೆ ಕೈ ಹಾಕುವವರಿಗೆ ನಾವು ಹೇಳುವುದು ಇಷ್ಟೇ: ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ತೆಗೆದದ್ದನ್ನು ಗುಜರಿಗೆ ಹಾಕಬೇಡಿ, ಅದನ್ನು ಮಾಡಿಸಿದವರು ಇದ್ದರೆ ಕೂರಿಸಿ ಕೇಳಿ ಬರೆದುಕೊಳ್ಳಿ.

ಕೊನೆಗೆ ವೆಲ್ಡಿಂಗ್ ಬಿಡಿಸಿ, ಚಾಸಿಗೆ ತೂತು ಹೊಡೆಯದೆ ಕ್ಲಾಂಪ್ ಹಾಕಿ, ಬೇಕಾದಾಗ ಬಿಚ್ಚಿ ಹಾಕುವ ಹಾಗೆ ಅದೇ ಕ್ಯಾರಿಯರ್ ಕೂರಿಸಿದೆವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಬೆಂಗಳೂರಿನಲ್ಲಿ ಹಳೇ ಗಾಡಿಗಳವರು ಸೇರುತ್ತಾರೆ. ಅಲ್ಲಿಗೆ ಹೋಗುವುದಾದರೆ ಬಿಚ್ಚಿಡಬಹುದು.

ದೊಡ್ಡಪ್ಪ ಇನ್ನೂ ಒಂದು ಸಲವೂ ಬಿಚ್ಚಿಲ್ಲ.