ಹಲವು ಯಂತ್ರಗಳು, ಒಂದೇ ಉಗ್ರಾಣ

ಹೈದರಾಬಾದಿನ ನಾರಾಯಣಗೂಡ ಕಾಲೇಜು, ಹಾಸ್ಟೆಲ್ಲು, ಕೋಚಿಂಗ್ ಸೆಂಟರುಗಳ ಬಡಾವಣೆ. ಒಂದು ಬದಿಗೆ ಹಿಮಾಯತ್ ನಗರ, ಇನ್ನೊಂದು ಬದಿಗೆ ಕನ್ನಡಿಗರಿಗೆ ತೀರಾ ಪರಿಚಿತವಾದ ಕಾಚಿಗೂಡ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ಬದಲಾದರೂ ಓದಿಗೆ, ನೌಕರಿಗೆ ಹೈದರಾಬಾದಿನ ದಾರಿ ಹಿಡಿಯುವ ರೂಢಿ ಆ ಜಿಲ್ಲೆಗಳಲ್ಲಿ ನಿಲ್ಲಲಿಲ್ಲ. ನಾರಾಯಣಗೂಡದ ಕೇಶವ ಸ್ಮಾರಕ ಶಿಕ್ಷಣ ಸಂಸ್ಥೆಯ ಹೆಸರಿನಲ್ಲೇ ಈ ನಂಟಿದೆ. ಕಲಬುರಗಿಯಲ್ಲಿ ವಕೀಲಿ ಮಾಡಿ, ಮುಂದೆ ಹೈದರಾಬಾದಿನ ಹೈಕೋರ್ಟ್ ನ್ಯಾಯಾಧೀಶರಾದ ಕೇಶವರಾವ್ ಕೋರಟಕರ್ ಅವರ ನೆನಪಿಗೆ ಮಗ ವಿನಾಯಕರಾವ್ ವಿದ್ಯಾಲಂಕಾರ್ 1940ರಲ್ಲಿ ಅದನ್ನು ಕಟ್ಟಿದರು. ಅದೇ ಸಂಸ್ಥೆ 2007ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು.

ಆ ವರ್ಷದ ಫೆಬ್ರವರಿಯಲ್ಲಿ ಲಿನಕ್ಸ್ ಕರ್ನಲ್ಲಿನ 2.6.20ನೇ ಆವೃತ್ತಿಯೊಳಗೆ ಕೆವಿಎಂ ಎಂಬ ಭಾಗ ಸೇರಿತು. ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ನಡೆಸುವ ಸಾಮರ್ಥ್ಯ ಅದರಿಂದ ಲಿನಕ್ಸಿಗೇ ಬಂತು. ಎರಡು ಸಂಗತಿಗಳಿಗೂ ಸಂಬಂಧವೇನಿಲ್ಲ. ಆದರೆ ಅಲ್ಲಿಂದಾಚೆ ಇಂಥ ಕಾಲೇಜುಗಳಲ್ಲಿ ಓದಿ ಸರ್ವರ್ ನೋಡಿಕೊಳ್ಳುವ ಕೆಲಸ ಹಿಡಿದವರಿಗೆ ಸರ್ವರ್ ಎಂದರೆ ಹೆಚ್ಚಾಗಿ ವರ್ಚುವಲ್ ಸರ್ವರೇ ಆಯಿತು.

ವಠಾರದಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಟ್ಟಡ ಒಂದು, ಬಾಡಿಗೆದಾರರು ಹಲವರು. ಪ್ರತಿ ಮನೆಗೂ ಅದರದೇ ಬಾಗಿಲು, ಅದರದೇ ಒಲೆ. ಒಂದು ಮನೆಯ ಜಗಳ ಇನ್ನೊಂದರೊಳಕ್ಕೆ ಬರಬಾರದು. ಯಾರಿಗೆ ಎಷ್ಟು ನೀರು, ಎಷ್ಟು ಕರೆಂಟು ಎಂದು ನೋಡಿಕೊಳ್ಳುವ ಮಾಲೀಕನೇ ಹೈಪರ್‌ವೈಸರ್. ಒಳಗಿರುವ ವಿಂಡೋಸ್ ಅಥವಾ ಲಿನಕ್ಸಿಗೆ ತಾನು ಬಾಡಿಗೆ ಮನೆಯಲ್ಲಿದ್ದೇನೆ ಎಂಬುದೂ ಗೊತ್ತಾಗಬೇಕಾಗಿಲ್ಲ.

ಈ ತಂತ್ರಾಂಶವನ್ನು ಹಾಕುವುದಕ್ಕೆ ಹೆಚ್ಚು ಹೊತ್ತು ಬೇಡ. ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ ಆದರೆ ಹಳದಿ, ಬೂದು ಬಣ್ಣದ ಪರದೆ ಬರುತ್ತದೆ. ಎಫ್11 ಒತ್ತಿ ಕರಾರಿಗೆ ಒಪ್ಪಬೇಕು, ಡಿಸ್ಕ್ ಆರಿಸಬೇಕು, ಪಾಸ್‌ವರ್ಡ್ ಕೊಡಬೇಕು. ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ತಲೆಬಿಸಿ ಶುರುವಾಗುವುದು ಆಮೇಲೆ: ಒಳಗೆ ಹುಟ್ಟಲಿರುವ ಹತ್ತಿಪ್ಪತ್ತು ಯಂತ್ರಗಳ ಸರಕನ್ನೆಲ್ಲ ಎಲ್ಲಿಡುವುದು? ಒಂದೇ ಡಿಸ್ಕಿನಲ್ಲೋ, ನಾಲ್ಕು ಡಿಸ್ಕುಗಳಲ್ಲೋ, ಬೇರೆಯದೇ ಪೆಟ್ಟಿಗೆಯಲ್ಲೋ? ವರ್ಚುವಲೈಸೇಶನ್ನಿನ ಕತೆಯನ್ನು ಸಾಮಾನ್ಯವಾಗಿ ಪ್ರೊಸೆಸರಿನ ಕತೆಯಾಗಿ ಹೇಳುತ್ತಾರೆ. ಅದನ್ನು ಕೈಯಾರೆ ಕಟ್ಟಿದವರಿಗೆ ಅದು ಉಗ್ರಾಣದ ಕತೆ.

ಕತೆ ಆರಂಭವಾಗುವುದು ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜಿನಲ್ಲಿ. 1964ರ ಕೊನೆಯಲ್ಲಿ ಐಬಿಎಂನ ಅಲ್ಲಿಯ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೊಮೊ ಒಂದು ಯೋಜನೆ ಕೈಗೆತ್ತಿಕೊಂಡರು. ದುಬಾರಿ ಕಂಪ್ಯೂಟರೊಂದನ್ನು ಹಲವರು ಹಂಚಿಕೊಳ್ಳಬೇಕು, ಆದರೆ ಪ್ರತಿಯೊಬ್ಬರಿಗೂ ಇಡೀ ಯಂತ್ರವೇ ತನ್ನದು ಅನ್ನಿಸಬೇಕು. 1967ರ ಜನವರಿಯಲ್ಲಿ ಬಳಕೆಗೆ ಬಂದ ಸಿಪಿ-40 ಒಂದೇ ಯಂತ್ರದಲ್ಲಿ 14 ವರ್ಚುವಲ್ ಯಂತ್ರಗಳನ್ನು ನಡೆಸುತ್ತಿತ್ತು. ಡಿಸ್ಕನ್ನೂ ಹೀಗೆಯೇ ಹಂಚಬೇಕಾಯಿತು. ಆ ಕಾಲದ ಐಬಿಎಂ 2311 ಡಿಸ್ಕಿನ ಒಂದು ಪ್ಯಾಕಿನಲ್ಲಿ ಹಿಡಿಯುತ್ತಿದ್ದುದು 7.25 ಮೆಗಾಬೈಟ್, ಇವತ್ತಿನ ಮೊಬೈಲಿನ ಎರಡು ಮೂರು ಫೋಟೋಗಳಷ್ಟು. ಡಿಸ್ಕನ್ನು ತುಂಡುತುಂಡಾಗಿಸಿ, ಒಂದೊಂದು ತುಂಡನ್ನೂ ಒಂದೊಂದು ವರ್ಚುವಲ್ ಯಂತ್ರಕ್ಕೆ ಪೂರ್ತಿ ಡಿಸ್ಕಿನಂತೆ ತೋರಿಸಿದರು. ಆ ತುಂಡಿಗೆ ಮಿನಿಡಿಸ್ಕ್ ಎಂದು ಹೆಸರಾಯಿತು. ಯಂತ್ರದ ಪಾಲು ಮತ್ತು ಉಗ್ರಾಣದ ಪಾಲು ಅವಳಿಗಳಾಗಿಯೇ ಹುಟ್ಟಿದವು. 1972ರಲ್ಲಿ ಐಬಿಎಂ ಇದನ್ನು ವಿಎಂ/370 ಎಂಬ ಹೆಸರಿನಲ್ಲಿ ಗಿರಾಕಿಗಳಿಗೆ ಕೊಟ್ಟಿತು.

ಸಿಪಿ-40 ಬಳಕೆಗೆ ಬಂದ 1967ರಲ್ಲೇ ಹೈದರಾಬಾದಿನಲ್ಲಿ ಸಾರ್ವಜನಿಕ ವಲಯದ ಇಸಿಐಎಲ್ ಸ್ಥಾಪನೆಯಾಯಿತು. ಟಿಡಿಸಿ-12ರಿಂದ ಹಿಡಿದು ಅದು ಕಂಪ್ಯೂಟರುಗಳನ್ನು ತಯಾರಿಸಿತು. 1978ರಲ್ಲಿ ಐಬಿಎಂ ಭಾರತ ಬಿಟ್ಟಿತು. ದೊಡ್ಡ ಮೇನ್‌ಫ್ರೇಮಿನಲ್ಲಿ ಬೆಳೆದ ಹಂಚಿಕೆಯ ಜಾಣತನ ನಮ್ಮ ಕಚೇರಿಗಳಿಗೆ ಹೆಚ್ಚಾಗಿ ಬರಲಿಲ್ಲ. ಬಂದದ್ದು ಆಮೇಲಿನ ಅಗ್ಗದ ಪಿಸಿ ವಂಶದ ಸರ್ವರು, ಅದರ ಜೊತೆಗೆ ಒಂದು ಕೆಲಸಕ್ಕೆ ಒಂದು ಯಂತ್ರ ಎಂಬ ಪದ್ಧತಿ. 1998ರಲ್ಲಿ ಆಂಧ್ರಪ್ರದೇಶದ ನೋಂದಣಿ ಇಲಾಖೆ ಕಾರ್ಡ್ ಯೋಜನೆಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗಳನ್ನು ಗಣಕೀಕರಿಸಿದ್ದು ಹಾಗೆಯೇ. ಕರ್ನಾಟಕದ ಭೂಮಿ ಯೋಜನೆ 2001ರ ಹೊತ್ತಿಗೆ 177 ತಾಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿದಾಗಲೂ ದಾಖಲೆ ಇದ್ದುದು ಆಯಾ ತಾಲೂಕು ಕಚೇರಿಯ ಸರ್ವರಿನಲ್ಲೇ.

ಈ ಪದ್ಧತಿಗೂ ಕಾರಣವಿತ್ತು. ಒಂದೇ ಸರ್ವರಿನಲ್ಲಿ ಎರಡು ತಂತ್ರಾಂಶ ಹಾಕಿದರೆ, ಒಂದು ಕೆಟ್ಟಾಗ ಇನ್ನೊಂದನ್ನೂ ಮಲಗಿಸುತ್ತಿತ್ತು. ಹಾಗಾಗಿ ಪ್ರತಿ ಕೆಲಸಕ್ಕೂ ಹೊಸ ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಯುಪಿಎಸ್, ಕೋಣೆಗೆ ಎಸಿ. ಬಹುಪಾಲು ಹೊತ್ತು ಸುಮ್ಮನೆ ಕೂತಿರುವ ಯಂತ್ರಕ್ಕೆ ಹಗಲಿರುಳು ಕರೆಂಟು.

ಹಂಚಿಕೊಳ್ಳೋಣವೆಂದರೆ ಪಿಸಿಯ ಪ್ರೊಸೆಸರ್ ಒಪ್ಪುತ್ತಿರಲಿಲ್ಲ. ಯಾವ ಯಂತ್ರವನ್ನು ಸರಿಯಾಗಿ ವರ್ಚುವಲೈಸ್ ಮಾಡಬಹುದು ಎಂಬುದಕ್ಕೆ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲೇ ನಿಯಮ ಬರೆದಿಟ್ಟಿದ್ದರು. ಬಾಡಿಗೆದಾರ ಮುಖ್ಯ ಕೊಳಾಯಿಗೆ ಕೈಹಾಕಿದರೆ ಮಾಲೀಕನಿಗೆ ತಿಳಿಯಲೇಬೇಕು ಎಂಬುದು ಅದರ ಸಾರ. ಇಂಟೆಲ್ ಪೆಂಟಿಯಂನಲ್ಲಿ ಹೀಗೆ ಮಾಲೀಕನಿಗೆ ತಿಳಿಯದಂತೆ ನಡೆದುಹೋಗುವ 17 ಆದೇಶಗಳಿದ್ದವು. 1998ರಲ್ಲಿ ಡಯಾನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮತ್ತಿತರರು ಕಟ್ಟಿದ ವಿಎಂವೇರ್ ಇದಕ್ಕೆ ಉಪಾಯ ಹುಡುಕಿತು: ಅಂಥ ಆದೇಶಗಳನ್ನು ಓಡುತ್ತಿರುವಾಗಲೇ ಹಿಡಿದು, ಅಪಾಯವಿಲ್ಲದ ಬೇರೆ ಆದೇಶಗಳಾಗಿ ಅನುವಾದಿಸುವುದು. 2001ರಲ್ಲಿ ಅದರ ಸರ್ವರ್ ತಂತ್ರಾಂಶ ಇಎಸ್‌ಎಕ್ಸ್ ಬಂತು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಜೆನ್ ಬಂತು. 2005ರ ಕೊನೆಯಲ್ಲಿ ಇಂಟೆಲ್, ಮರುವರ್ಷ ಎಎಂಡಿ ತಮ್ಮ ಚಿಪ್ಪಿನಲ್ಲೇ ಈ ಸೌಲಭ್ಯ ಕೊಟ್ಟವು. ಕೆವಿಎಂಗೆ ದಾರಿಯಾದದ್ದು ಅದರಿಂದಲೇ.

ಪ್ರೊಸೆಸರಿನ ತೊಡಕು ಬಿಡಿಸಿಕೊಂಡಿತು. ಅದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ವರ್ಚುವಲ್ ಯಂತ್ರದ ಹಾರ್ಡ್ ಡಿಸ್ಕ್ ಎಂದರೆ ಹೊರಗಿನಿಂದ ನೋಡಿದರೆ ಒಂದು ದೊಡ್ಡ ಫೈಲು, ಅಷ್ಟೆ. ಸರ್ವರನ್ನು ಈಗ ಕಾಪಿ ಮಾಡಬಹುದು, ಹೆಸರು ಬದಲಿಸಬಹುದು, ಕೈತಪ್ಪಿ ಡಿಲೀಟ್ ಕೂಡ ಮಾಡಬಹುದು. 2003ರಲ್ಲಿ ವಿಎಂವೇರ್ ತಂದ ವಿಮೋಶನ್ ನೋಡಿ ಜನ ಬೆರಗಾದರು: ಕೆಲಸ ಮಾಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ದಾಟಿಸುವುದು. ಆದರೆ ದಾಟುತ್ತಿದ್ದುದು ಮೆಮೊರಿಯಲ್ಲಿದ್ದ ಸಂಗತಿ ಮಾತ್ರ. ಡಿಸ್ಕಿನ ಫೈಲು ಇದ್ದಲ್ಲೇ ಇರುತ್ತಿತ್ತು, ಎರಡೂ ಸರ್ವರುಗಳಿಗೆ ಕಾಣುವ ಮೂರನೆಯ ಪೆಟ್ಟಿಗೆಯಲ್ಲಿ. ಹಲವು ಸರ್ವರುಗಳು ಒಂದೇ ಡಿಸ್ಕನ್ನು ಬಳಸುವಾಗ ಒಬ್ಬರ ಫೈಲನ್ನು ಇನ್ನೊಬ್ಬರು ಕೆಡಿಸದಂತೆ ಬೀಗ ಹಾಕಲು ವಿಎಂವೇರ್ ವಿಎಂಎಫ್‌ಎಸ್ ಎಂಬ ತನ್ನದೇ ಫೈಲ್ ವ್ಯವಸ್ಥೆ ಮಾಡಿಕೊಂಡಿತ್ತು.

ಹಂಚಿಕೆಯ ಆ ಪೆಟ್ಟಿಗೆ, ಅಂದರೆ ಸ್ಯಾನ್, ದುಬಾರಿ. ಅದಕ್ಕೆ ಫೈಬರ್ ಚಾನೆಲ್ ಎಂಬ ಬೇರೆಯದೇ ಜಾಲ, ಬೇರೆಯದೇ ಸ್ವಿಚ್ಚು. ಮಾಮೂಲಿ ನೆಟ್‌ವರ್ಕ್ ಕೇಬಲ್ಲಿನ ಮೇಲೆಯೇ ಡಿಸ್ಕನ್ನು ಒದಗಿಸುವ ಐಸ್ಕಸಿ 2004ರಲ್ಲಿ ಪ್ರಮಾಣಿತವಾಯಿತು. ಎನ್‌ಎಫ್‌ಎಸ್ ಅದಕ್ಕೂ ಹಳೆಯದು, 1984ರಷ್ಟು ಹಿಂದಿನದು. 2006ರ ಇಎಸ್‌ಎಕ್ಸ್ 3 ಇವೆರಡನ್ನೂ ಒಪ್ಪಿಕೊಂಡ ಮೇಲೆ ಸಣ್ಣ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಆಮೇಲೆ ಬಂದದ್ದು ಪೆಟ್ಟಿಗೆಯೇ ಬೇಡವೆನ್ನುವ ದಾರಿ. ಸೇಜ್ ವೈಲ್ ಕ್ಯಾಲಿಫೋರ್ನಿಯಾದಲ್ಲಿ ಪಿಎಚ್‌ಡಿಗೆಂದು ಕಟ್ಟಿದ ಸೆಫ್, ಹಲವು ಸರ್ವರುಗಳ ಒಳಗಿನ ಸಾಮಾನ್ಯ ಡಿಸ್ಕುಗಳನ್ನೇ ಸೇರಿಸಿ ಒಂದು ಉಗ್ರಾಣ ಮಾಡುತ್ತದೆ. ಪ್ರತಿ ದತ್ತಾಂಶದ ಮೂರು ಪ್ರತಿಗಳನ್ನು ಮೂರು ಕಡೆ ಇಡುವುದು ಅದರ ರೂಢಿ. 30 ಟೆರಾಬೈಟಿನ ಡಿಸ್ಕು ಕೊಂಡರೆ ಬಳಕೆಗೆ ಸಿಗುವುದು 10, ನಿಜಕ್ಕೂ ಅದಕ್ಕಿಂತ ಕಡಿಮೆ. ಸುರಕ್ಷತೆಗೆ ತೆರುವ ಬೆಲೆ ಅದು.

ಸ್ಟೋರೇಜಿನ ಲೆಕ್ಕ ತಪ್ಪುವುದು ಹೆಚ್ಚಾಗಿ ಮೂರು ಕಡೆ. ಮೊದಲನೆಯದು ವೇಗ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಅಲ್ಲೊಂದು ಇಲ್ಲೊಂದು ಓದುವ ಕೆಲಸವನ್ನು ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸು ಮಾಡಬಲ್ಲದು. ಲ್ಯಾಬಿನಲ್ಲಿ ಬೆಳಿಗ್ಗೆ 20 ವಿದ್ಯಾರ್ಥಿಗಳು ಒಟ್ಟಿಗೆ ತಂತಮ್ಮ ವರ್ಚುವಲ್ ಯಂತ್ರ ಆರಂಭಿಸಿದರೆ ತಲೆಗೆ ಐದು ಬರುತ್ತದೆ. ಪ್ರೊಸೆಸರ್ ಖಾಲಿ ಕೂತಿದ್ದರೂ ಪರದೆ ಅಲ್ಲಾಡುವುದಿಲ್ಲ. ಎರಡನೆಯದು ಥಿನ್ ಪ್ರಾವಿಶನಿಂಗ್: ಪ್ರತಿ ಯಂತ್ರಕ್ಕೂ 100 ಜಿಬಿ ಎಂದು ಮಾತು ಕೊಡುವುದು, ನಿಜವಾಗಿ ಬಳಸಿದಷ್ಟೇ ಜಾಗ ಕೊಡುವುದು. ಇದು ಚೀಟಿ ವ್ಯವಹಾರದ ಹಾಗೆ. ಎಲ್ಲರೂ ಒಂದೇ ದಿನ ಹಣ ಕೇಳದಿದ್ದರೆ ನಡೆಯುತ್ತದೆ. ಉಗ್ರಾಣ ತುಂಬಿದ ದಿನ ಬರೆಯಲು ಜಾಗವಿಲ್ಲದೆ ತಪ್ಪು ಮಾಡದ ಯಂತ್ರಗಳೂ ನಿಲ್ಲುತ್ತವೆ. ಮೂರನೆಯದು ಸ್ನ್ಯಾಪ್‌ಶಾಟ್. ಅದನ್ನು ಬ್ಯಾಕಪ್ ಎಂದುಕೊಂಡು ತಿಂಗಳುಗಟ್ಟಲೆ ಬಿಡುವವರಿದ್ದಾರೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಆದ ಬದಲಾವಣೆಗಳು ಬೇರೆ ಫೈಲಿನಲ್ಲಿ ಸೇರುತ್ತ ಹೋಗುತ್ತವೆ, ಅದು ಬೆಳೆಯುತ್ತದೆ. ಮೂಲ ಫೈಲು ಇರುವ ಡಿಸ್ಕೇ ಹೋದರೆ ಎರಡೂ ಹೋಗುತ್ತವೆ.

ಈ ಒಗ್ಗೂಡಿಕೆ ಕಾಲೇಜಿನ ಲ್ಯಾಬಿಗೆ ನಿಲ್ಲಲಿಲ್ಲ. ಪ್ರತಿ ರಾಜ್ಯಕ್ಕೊಂದು ದತ್ತಾಂಶ ಕೇಂದ್ರ ಎಂಬ ಕೇಂದ್ರ ಸರ್ಕಾರದ ಯೋಜನೆಗೆ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಎನ್‌ಐಸಿಯ ರಾಷ್ಟ್ರೀಯ ದತ್ತಾಂಶ ಕೇಂದ್ರವೊಂದು ಹೈದರಾಬಾದಿನಲ್ಲಿ ಆರಂಭವಾಯಿತು. ತಾಲೂಕು ಕಚೇರಿಗಳ ಒಂಟಿ ಸರ್ವರುಗಳ ಕಾಲ ಮುಗಿಯುತ್ತ ಬಂತು. 2022ರ ನವೆಂಬರಿನಲ್ಲಿ ಅಮೆಜಾನ್ ತನ್ನ ಕ್ಲೌಡಿನ ಹೈದರಾಬಾದ್ ವಲಯವನ್ನು ತೆರೆಯಿತು. ಕ್ಲೌಡ್ ಎಂದರೆ ಬೇರೇನಲ್ಲ, ಬೇರೆಯವರ ಕಟ್ಟಡದಲ್ಲಿರುವ ಇದೇ ವಠಾರ, ಇದೇ ಉಗ್ರಾಣ.

ಎಲ್ಲವೂ ಒಂದೇ ಉಗ್ರಾಣಕ್ಕೆ ಬಂದಾಗ ಅದರ ಬೀಗದ ಕೈ ಯಾರ ಹತ್ತಿರ ಎಂಬ ಪ್ರಶ್ನೆಗೆ ತೂಕ ಬರುತ್ತದೆ. 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು. ಡಿಸೆಂಬರಿನಲ್ಲಿ ಒಮ್ಮೆ ಕೊಂಡು ಕೊನೆತನಕ ಬಳಸುವ ಲೈಸೆನ್ಸುಗಳ ಮಾರಾಟ ನಿಂತಿತು. ಇನ್ನು ಚಂದಾ ಮಾತ್ರ. 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ಕೂಡ ನಿಂತಿತು. ಹಳೆಯ ಸರ್ವರಿನಲ್ಲಿ ಅದನ್ನು ಹಾಕಿಕೊಂಡು ಕೆಲಸ ಕಲಿಯುವವರಿಗೆ, ಎರಡು ಮೂರು ಸರ್ವರಿನ ಸಣ್ಣ ಕಚೇರಿಗಳಿಗೆ ಆಸರೆಯಾಗಿದ್ದುದು ಅದೇ. 2025ರ ಏಪ್ರಿಲಿನಲ್ಲಿ ಅದು ಮರಳಿ ಬಂತು. ಆದರೆ ಬಂದದ್ದು ಮತ್ತೆ ಹೋಗಬಹುದು ಎಂಬ ಪಾಠವನ್ನು ಅಷ್ಟರಲ್ಲಿ ಎಲ್ಲರೂ ಕಲಿತಿದ್ದರು.

ಪರ್ಯಾಯಗಳಿಗೆ ಬರವಿರಲಿಲ್ಲ. ಆಸ್ಟ್ರಿಯಾದ ವಿಯೆನ್ನಾದಿಂದ 2008ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್, ಕೆವಿಎಂ ಮೇಲೆ ಕಟ್ಟಿದ್ದು, ಮೂಲ ಸಂಕೇತ ಮುಕ್ತ. ಅನುಸ್ಥಾಪಿಸುವಾಗಲೇ ಝಡ್‌ಎಫ್‌ಎಸ್ ಆರಿಸಿ ಎರಡು ಡಿಸ್ಕುಗಳಿಗೆ ಒಂದೇ ಪ್ರತಿ ಬರೆಯುವಂತೆ ಮಾಡಬಹುದು. ತೊಡಕು ಇದ್ದುದು ಹಳೆಯ ಯಂತ್ರಗಳನ್ನು ಸಾಗಿಸುವುದರಲ್ಲಿ. ಅವು ವಿಎಂಎಫ್‌ಎಸ್ ಒಳಗೆ ವಿಎಂಡಿಕೆ ರೂಪದಲ್ಲಿ ಕೂತಿದ್ದವು. ಪ್ರತಿ ಡಿಸ್ಕಿನ ಫೈಲನ್ನೂ ಹೊರತೆಗೆದು ರೂಪ ಬದಲಿಸಬೇಕು. ವಿಂಡೋಸ್ ಯಂತ್ರವಾದರೆ ಹೊರಡುವ ಮುಂಚೆಯೇ ಹೊಸ ಮನೆಯ ಡ್ರೈವರುಗಳನ್ನು ಒಳಗೆ ಹಾಕಿಡುವುದು ಕ್ಷೇಮ. ಇಲ್ಲದಿದ್ದರೆ ಅಲ್ಲಿ ಎದ್ದಾಗ ತನ್ನ ಡಿಸ್ಕೇ ತನಗೆ ಕಾಣದೆ ನೀಲಿ ಪರದೆ ತೋರಿಸಬಹುದು. 2024ರ ಮಾರ್ಚಿನಲ್ಲಿ ಪ್ರಾಕ್ಸ್‌ಮಾಕ್ಸ್ ಈ ಸಾಗಾಟಕ್ಕೆಂದೇ ಒಂದು ಸಲಕರಣೆ ಕೊಟ್ಟಿತು. ಆದರೂ ನೂರಾರು ಯಂತ್ರಗಳಿರುವಲ್ಲಿ ಅದು ರಾತ್ರಿ ಬೆಳಗಾಗುವುದರೊಳಗೆ ಮುಗಿಯುವ ಕೆಲಸವಲ್ಲ.

ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಯೂನಿಕೋಡ್ ಬಳಕೆ ಹರಡುವ ಮುಂಚೆ ನುಡಿ, ಬರಹ, ಶ್ರೀಲಿಪಿಗಳ ಫಾಂಟಿನಲ್ಲಿ ಬರೆದಿಟ್ಟ ಎಷ್ಟೋ ಪುಸ್ತಕಗಳ ಫೈಲುಗಳು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡವು. ಬರಹ ಡಿಸ್ಕಿನಲ್ಲೇ ಇತ್ತು, ಒಂದು ಅಕ್ಷರವೂ ಕಳೆದಿರಲಿಲ್ಲ. ಓದುವ ಕೀಲಿ ಬೇರೆಯವರ ಬಳಿ ಇತ್ತು. ಪರಿವರ್ತಕ ತಂತ್ರಾಂಶಗಳು ಬಂದವು. ಒತ್ತಕ್ಷರ, ಅರ್ಕಾವತ್ತುಗಳು ತಪ್ಪಿದಲ್ಲಿ ಕೈಯಿಂದ ತಿದ್ದಿದ್ದಾಯಿತು. ವರ್ಚುವಲ್ ಯಂತ್ರದ ವಿಷಯದಲ್ಲೂ ಅಷ್ಟೆ. ಸರ್ವರು ಫೈಲಾಗಿ ಮಾರ್ಪಟ್ಟ ದಿನದಿಂದ, ಆ ಫೈಲು ಯಾವ ರೂಪದಲ್ಲಿದೆ, ಅದನ್ನು ಇನ್ನಾರು ಓದಬಲ್ಲರು ಎಂಬುದು ಪ್ರೊಸೆಸರಿನ ವೇಗಕ್ಕಿಂತ ದೊಡ್ಡ ಮಾತಾಯಿತು.

ಹೈಪರ್‌ವೈಸರ್ ಹಾಕುವುದನ್ನು ಕಲಿಸುವವರು ಮೊದಲ ದಿನವೇ ಕಲಿಸಬೇಕಾದ ಪಾಠ ಇದು. ಒಂದು ವರ್ಚುವಲ್ ಯಂತ್ರ ಕಟ್ಟಿ, ಅದರ ಬ್ಯಾಕಪ್ಪನ್ನು ಬೇರೆ ಡಿಸ್ಕಿಗೆ ತೆಗೆದು, ಮೂಲವನ್ನು ಅಳಿಸಿ, ಸಾಧ್ಯವಾದರೆ ಬೇರೆ ತಂತ್ರಾಂಶದ ಮೇಲೆ ಅದನ್ನು ಮತ್ತೆ ಎಬ್ಬಿಸಿ ನೋಡಬೇಕು. ಎದ್ದು ನಿಂತರೆ ಬ್ಯಾಕಪ್ ಇದೆ ಎಂದು ಹೇಳಬಹುದು. ಏಳದಿದ್ದರೆ, ಅದು ಲ್ಯಾಬಿನಲ್ಲೇ ಗೊತ್ತಾಗುವುದು ಒಳ್ಳೆಯದು. ಪಹಣಿಗೆ ರೈತರು ಸಾಲು ನಿಂತಿರುವ ಕಚೇರಿಯಲ್ಲಿ ಗೊತ್ತಾಗಬಾರದು.