ಕುದುರೆಗೂ ಜಡೆ

ನಮ್ಮ ಎಡಪ್ಪಳ್ಳಿಯಲ್ಲಿ ಕುದುರೆ ನೋಡಬೇಕೆಂದರೆ ಸಂತ ಜಾರ್ಜರ ಇಗರ್ಜಿಗೆ ಹೋಗಬೇಕು. ಅಲ್ಲಿ ಸಂತರು ಬಿಳಿಯ ಕುದುರೆಯೇರಿ, ಈಟಿ ಹಿಡಿದು, ಘಟಸರ್ಪವನ್ನು ತಿವಿಯುತ್ತಿದ್ದಾರೆ. ಕಚೇರಿಯ ಕೆಲಸಕ್ಕೆ ತಿರುವನಂತಪುರಕ್ಕೆ ಹೋದಾಗ ಬಿಡುವು ಸಿಕ್ಕರೆ ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಕುದಿರಮಾಳಿಗೆಯಿದೆ. ಸೂರಿನಡಿ ಸಾಲಾಗಿ 122 ಮರದ ಕುದುರೆಗಳು. ಜೀವವಿರುವ ಕುದುರೆ ಈ ಮಳೆನಾಡಿನಲ್ಲಿ ಅಪರೂಪವೇ. ಹಾಗಾಗಿ 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕುದುರೆ ಸ್ಪರ್ಧೆಯನ್ನು ಟಿ.ವಿ.ಯಲ್ಲಿ ತೋರಿಸಿದಾಗ ಮನೆಮಂದಿಯೆಲ್ಲ ಕುಳಿತು ನೋಡಿದೆವು. ಡ್ರೆಸಾಜ್ ಎಂಬ ವಿಭಾಗದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನೂಷ್ ಅಗರ್‌ವಾಲಾ ನಾಲ್ವರ ತಂಡ ಚಿನ್ನ ಗೆದ್ದಿತು. 1982ರ ದೆಹಲಿ ಕೂಟದ ನಂತರ, 41 ವರ್ಷಗಳ ಮೇಲೆ, ಕುದುರೆ ಸವಾರಿಯಲ್ಲಿ ನಮಗೆ ಬಂದ ಚಿನ್ನ.

ನಾವು ಪದಕ ನೋಡಿದರೆ ಮಗಳು ನೋಡಿದ್ದು ಜಡೆಯನ್ನು. "ಅಪ್ಪಾ, ಕುದುರೆಗೂ ಅಷ್ಟು ಬಿಗಿಯಾಗಿ ಜಡೆ ಹಾಕಿದ್ದಾರಲ್ಲ, ಅದಕ್ಕೆ ನೋಯುವುದಿಲ್ಲವೇ?" ಎಂದಳು. ಬೆಳಿಗ್ಗೆ ಶಾಲೆಗೆ ಹೊರಡುವಾಗ ತಾಯಿಯ ಕೈಯಲ್ಲಿ ಎರಡು ಜಡೆ ಹಾಕಿಸಿಕೊಂಡು ದಿನವೂ ಅರಚುವವಳು ಅವಳು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿದ್ದರ ಫಲ ಈ ಬರಹ.

ನಮ್ಮ ಹಿಂದಿನವರು ಕುದುರೆಯ ಕೂದಲನ್ನು ಸಿಂಗರಿಸುವುದಕ್ಕಿಂತ ಮೊದಲು ಓದುತ್ತಿದ್ದರು. ಎತ್ತು ಕೊಳ್ಳುವಾಗ ಸುಳಿ ನೋಡುವುದು ನಮ್ಮ ಜಾತ್ರೆಗಳಲ್ಲಿ ಇಂದಿಗೂ ಉಂಟಷ್ಟೆ. ಕುದುರೆಗೂ ಅದೇ ಶಾಸ್ತ್ರ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಯಾವ ಸುಳಿ ಶುಭ, ಯಾವುದು ಅಶುಭ ಎಂಬ ವಿಚಾರವಿದೆ. ಕುದುರೆಯೇರಿ ಚೆಂಡಾಡುವ ವಿನೋದವೂ ಇದೆ. 1400ರ ಸುಮಾರಿಗೆ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವಶಾಸ್ತ್ರ ಬರೆದನು. ಸುಳಿಯಿಂದ ಯಜಮಾನನ ಭವಿಷ್ಯ ತಿಳಿಯುವುದೆಂಬುದನ್ನು ವಿಜ್ಞಾನ ಓದಿದ ನನ್ನ ಮನಸ್ಸು ಒಪ್ಪದು. ಆದರೆ ಸುಳಿ ಹುಡುಕಲು ಕುದುರೆಯ ಮೈಯನ್ನು ಅಂಗುಲ ಅಂಗುಲವಾಗಿ ಕಣ್ಣಿಟ್ಟು ನೋಡಲೇಬೇಕಿತ್ತು; ಗಾಯ, ಹುಣ್ಣು, ಕಜ್ಜಿ ಕಾಣದೆ ಹೋಗುತ್ತಿರಲಿಲ್ಲ.

ಅಷ್ಟು ನೋಡಿ ಕೊಳ್ಳಲು ಕಾರಣವಿತ್ತು. ಒಳ್ಳೆಯ ಕುದುರೆ ಅರೇಬಿಯಾ, ಪಾರಸಿಗಳಿಂದ ಹಡಗಿನಲ್ಲಿ ಬರಬೇಕಿತ್ತು. ವಿಜಯನಗರಕ್ಕೆ ಗೋವೆ, ಭಟ್ಕಳಗಳಿಂದ ಬಂದಂತೆಯೇ ಈ ಕೇರಳದ ಕಣ್ಣೂರಿನಿಂದಲೂ ಕುದುರೆ ಬರುತ್ತಿತ್ತು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಪರದೇಶದ ಉಡುಪಿನವರು ಕುದುರೆ ಹಿಡಿದು ನಿಂತಿರುವುದನ್ನು ಈಗಲೂ ನೋಡಬಹುದು. 1520ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕುದುರೆಗಳ ಅಲಂಕಾರವನ್ನು ಬಣ್ಣಿಸಿದ್ದಾನೆ. ಹಣೆಗೆ ಬೆಳ್ಳಿಯ ಅಥವಾ ಚಿನ್ನದ ಮುಲಾಮಿನ ತಗಡು, ಅದರ ಅಂಚಿಗೆ ಬಣ್ಣಬಣ್ಣದ ಹುರಿರೇಷ್ಮೆಯ ಕುಚ್ಚು. ಮದುವಣಗಿತ್ತಿಯ ಮೊಗ್ಗಿನ ಜಡೆಯಂತೆ, ಕೂದಲೇ ಕಾಣದಷ್ಟು ಒಡವೆ! ಮೈಸೂರು ಅರಮನೆಯಲ್ಲಿ ದಸರೆಗೆ ಪಟ್ಟದ ಕುದುರೆಯನ್ನು ಮೀಯಿಸಿ ಸಿಂಗರಿಸಿ ಪೂಜಿಸುವ ಪದ್ಧತಿಗೂ ಇದೇ ಪರಂಪರೆಯ ನಂಟಿದೆ.

ಡ್ರೆಸಾಜ್‌ನ ಜಡೆ ಬೇರೆ ಮನೆತನದ್ದು. ಅಲ್ಲಿ ಒಡವೆಯಿಲ್ಲ, ಅಚ್ಚುಕಟ್ಟು ಮಾತ್ರ. ಅದು ದಂಡಿನಿಂದಲೂ ಬೇಟೆಯ ಮೈದಾನದಿಂದಲೂ ಬಂದ ಶಿಸ್ತು. ಹಾರಾಡುವ ಜೂಲು ಲಗಾಮಿಗೂ ಆಯುಧಕ್ಕೂ ತೊಡರುತ್ತದೆ. ಪೋಲೋ ಆಡುವವರಂತೂ ಇದೇ ಕಾರಣಕ್ಕೆ ಜೂಲನ್ನು ಬೋಳಿಸಿ ಬಾಲವನ್ನು ಕಟ್ಟಿಬಿಡುತ್ತಾರೆ. ಅಶ್ವದಳಗಳಲ್ಲಿ ಕುದುರೆಯ ಮೈ ಉಜ್ಜಲು ದಿನವೂ ಹೊತ್ತು ಗೊತ್ತಾಗಿರುತ್ತಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರು ಊರಿನ ಮೇಲೆ ನುಗ್ಗಿದಾಗ ಕಾರ್ಮೆಲ್ ಬೆಟ್ಟವೇರಿ ತೋಪುಗಳನ್ನು ಹಿಡಿದವರು ನಮ್ಮ ಮೈಸೂರು ಲ್ಯಾನ್ಸರ್ಸ್. ಅವರ ನೆನಪಿನ ತೀನ್ ಮೂರ್ತಿ ದೆಹಲಿಯಲ್ಲಿದೆ. ಮೂವರು ಸವಾರರು ನಿಂತಿದ್ದಾರೆ, ಕುದುರೆ ಒಂದೂ ಇಲ್ಲ. ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿಯಲ್ಲಿ ಮೈಸೂರಿನ ದಳವೂ ಸೇರಿಹೋಯಿತು.

ಒಲಿಂಪಿಕ್ಸ್‌ನಲ್ಲಿ 1912ರಿಂದ ನಡೆಯುತ್ತಿರುವ ಡ್ರೆಸಾಜ್ ಮೊದಲು ಸೈನ್ಯಾಧಿಕಾರಿಗಳ ಸ್ವತ್ತಾಗಿತ್ತು. 1948ರಲ್ಲಿ ಚಿನ್ನ ಗೆದ್ದ ಸ್ವೀಡನ್ ತಂಡದಿಂದ ಮರುವರ್ಷ ಪದಕ ಕಿತ್ತುಕೊಂಡರು. ತಪ್ಪೇನು? ಯೆನಲ್ ಪೆರ್ಸನ್ ಎಂಬ ಸವಾರ ಅಧಿಕಾರಿಯಲ್ಲ, ಬರಿಯ ಸಾರ್ಜೆಂಟ್! ಕಚೇರಿಯಲ್ಲಿ ದರ್ಜೆಯ ಏಣಿ ಹತ್ತಲು ಹೆಣಗಿದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. 1952ರಲ್ಲಿ ಬಾಗಿಲು ತೆರೆಯಿತು. ಪೆರ್ಸನ್ ಇದ್ದ ತಂಡವೇ ಮತ್ತೆ ಚಿನ್ನ ಗೆದ್ದಿತು. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ಬೆಂಗಳೂರಿನ ಫವಾದ್ ಮಿರ್ಜಾ 2021ರಲ್ಲಿ ಟೋಕಿಯೋದಲ್ಲಿ ಸ್ಪರ್ಧಿಸಿದ ಮೂರು ಹಂತಗಳ ಈವೆಂಟಿಂಗ್‌ನಲ್ಲಿಯೂ ಮೊದಲ ಹಂತ ಇದೇ ಡ್ರೆಸಾಜ್. ಅವರು 23ನೆಯವರಾಗಿ ಮುಗಿಸಿದರು.

ಇನ್ನು ಜಡೆ ಹೆಣೆಯುವ ಬಗೆ. ದಟ್ಟವಾದ ಜೂಲನ್ನು ಮೊದಲು ತೆಳುಗೊಳಿಸಿ ಒಂದೇ ಉದ್ದಕ್ಕೆ ತರುತ್ತಾರೆ. ಸ್ಪರ್ಧೆಯ ದಿನ ನೀರು ಹಚ್ಚಿ, ಬಾಚಿ, ಸಮನಾದ ಪಾಲು ಮಾಡಿ, ಒಂದೊಂದು ಪಾಲನ್ನೂ ಮೂರೆಳೆಯಾಗಿ ಬುಡದಿಂದ ಹೆಣೆಯುತ್ತಾರೆ. ತುದಿಯನ್ನು ಮಡಚಿ ಒಳಸೇರಿಸಿ ದಪ್ಪ ದಾರದಿಂದ ಹೊಲಿದರೆ ಅಥವಾ ರಬ್ಬರು ಹಾಕಿದರೆ ಕತ್ತಿನ ಮೇಲೆ ಗುಂಡಿಗಳ ಸಾಲು ಸಿದ್ಧ. ಕತ್ತಿನ ಬಾಗು ಎದ್ದುಕಾಣಲೆಂದು ಈ ಪಾಡು. ಸವಾರಳ ಕೂದಲೂ ಜಾಲರಿಯೊಳಗೆ ತುರುಬಾಗಬೇಕು. ಮುಂಚೆ ಅದರ ಮೇಲೆ ಎತ್ತರದ ಕರಿ ಟೊಪ್ಪಿ ಇರುತ್ತಿತ್ತು; ತಲೆಗೆ ಪೆಟ್ಟಾಗದಿರಲೆಂದು 2021ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳದಲ್ಲಿ ಪ್ರತಿ ನಡೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಉಂಟು, ಜಡೆಗೆ ಒಂದೂ ಇಲ್ಲ. ಹೆಣೆದವರು ಹೆಚ್ಚಾಗಿ ಲಾಯದ ಸಯೀಸರು. ಪದಕದ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ.

ಈಗ ಮಗಳ ಪ್ರಶ್ನೆ. ಜೂಲು ತೆಳುಗೊಳಿಸಲು ಕೂದಲು ಕೀಳುವ ರೂಢಿಯಿದೆ. ಆಗ ಕೆಲವು ಕುದುರೆಗಳು ತಲೆ ಒದರಿ ಬೇಸರ ತೋರುತ್ತವೆ. ಜಡೆ ತೀರ ಬಿಗಿದರೂ ಬುಡ ಎಳೆದು ಕುತ್ತಿಗೆ ಆಡಿಸಲು ಕಷ್ಟ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮುಖ ನುಣುಪಾಗಿ ಕಾಣಲೆಂದು ಮೂತಿಯ, ಕಣ್ಣಿನ ಸುತ್ತಲಿನ ಉದ್ದ ಮೀಸೆಗೂದಲನ್ನು ಕತ್ತರಿಸುತ್ತಿದ್ದರು. ಕುದುರೆಗೆ ತನ್ನ ಮೂತಿಯ ನೇರ ಮುಂದಿರುವುದು ಕಾಣುವುದಿಲ್ಲ. ಆ ಕೂದಲುಗಳ ಬುಡದಲ್ಲಿ ನರಗಳು ಒತ್ತಾಗಿದ್ದು, ಮೇವು, ಬಾನಿಯ ಅಂಚು, ಬೇಲಿಯ ತಂತಿ ಎಲ್ಲವನ್ನೂ ಅದು ಅವುಗಳಿಂದಲೇ ತಡವಿ ತಿಳಿಯುತ್ತದೆ. ಕುರುಡನ ಕೈಕೋಲನ್ನು ಚೆಂದಕ್ಕಾಗಿ ಕಿತ್ತುಕೊಂಡಂತೆ! ಜರ್ಮನಿಯಲ್ಲಿ ಇದಕ್ಕೆ ಮೊದಲೇ ತಡೆಯಿತ್ತು. 2021ರ ಜುಲೈ 1ರಿಂದ ಅಂತರರಾಷ್ಟ್ರೀಯ ಒಕ್ಕೂಟವೂ ಹಾಗೆ ಕತ್ತರಿಸಿದ ಕುದುರೆಗೆ ಸ್ಪರ್ಧೆಯಲ್ಲಿ ಪ್ರವೇಶವಿಲ್ಲವೆಂದು ನಿಯಮ ಮಾಡಿತು. ವೈದ್ಯಕೀಯ ಕಾರಣಕ್ಕೆ ಮಾತ್ರ ವಿನಾಯಿತಿ.

ಇದನ್ನೆಲ್ಲ ಹೇಳಿದಾಗ ಮಗಳು, "ಹಾಗಾದರೆ ಜಡೆ ಯಾವಾಗ ಬಿಚ್ಚುತ್ತಾರೆ?" ಎಂದಳು. ಸ್ಪರ್ಧೆ ಮುಗಿದ ಮೇಲೆ, ಲಾಯಕ್ಕೆ ಮರಳಿದಾಗ. ರಾತ್ರಿಯೆಲ್ಲ ಬಿಟ್ಟರೆ ತುರಿಕೆಗೆ ಕುದುರೆ ಕತ್ತನ್ನು ಗೋಡೆಗೆ ಉಜ್ಜಿ ಕೂದಲು ಹಾಳುಮಾಡಿಕೊಳ್ಳುತ್ತದೆ. ಸಯೀಸನು ಸಣ್ಣ ಕತ್ತರಿಯಿಂದ ದಾರವನ್ನಷ್ಟೇ ಜೋಪಾನವಾಗಿ ಕತ್ತರಿಸಿ, ಗುಂಗುರಾದ ಜೂಲಿಗೆ ನೀರು ಹಚ್ಚಿ ಬಾಚಿಬಿಡುತ್ತಾನೆ.